ಯಾರ ಹತ್ರ ಹೇಳ್ಕೊಳ್ಳೋದು, ಯಾರನ್ನ ಹತ್ರ ಇಟ್ಕೊಳ್ಳೋದು

ಈ ಸಲ ಬಂದ ಪತ್ರಗಳಲ್ಲಿ ಮೂರನ್ನ ಒಟ್ಟಿಗೆ ಇಟ್ಕೊಂಡು ಕೂತಿದೀನಿ. ಒಬ್ರು ದಾವಣಗೆರೆ ಗೃಹಿಣಿ, ಒಬ್ಬ ಬೆಂಗಳೂರಲ್ಲಿ ಪಿಜಿಲಿರೋ ಹುಡುಗ, ಇನ್ನೊಬ್ರು ಮೈಸೂರಿನ ನಿವೃತ್ತರು. ಊರು ಬೇರೆ ವಯಸ್ಸು ಬೇರೆ, ಆದ್ರೆ ಮೂವರೂ ಕೇಳಿರೋದು ಸುತ್ತಮುತ್ತ ಇರೋ ಜನರ ಬಗ್ಗೆನೇ. ಮೊದಲನೇ ಪತ್ರಕ್ಕೆ ಉತ್ತರ ಉದ್ದ ಆಗಿದೆ, ಕಡಿಮೆ ಮಾಡೋಕೆ ಮನಸ್ಸು ಬರ್ಲಿಲ್ಲ.

ಪ್ರಶ್ನೆ: ಅಕ್ಕಾ ನಮಸ್ತೆ. ನಂಗೆ 33 ವರ್ಷ. ಸೆಕೆಂಡ್ ಪಿಯುಸಿ ಮುಗಿದ ತಕ್ಷಣ ಮದ್ವೆ ಆಯ್ತು. ದೊಡ್ಡವಳು ಎಂಟನೇ ಕ್ಲಾಸು, ಚಿಕ್ಕವನು ಮೂರನೇ ಕ್ಲಾಸು. ಹೋದ ವರ್ಷ ಧೈರ್ಯ ಮಾಡಿ ಮುಕ್ತ ವಿಶ್ವವಿದ್ಯಾಲಯದಲ್ಲಿ ಬಿ.ಎ.ಗೆ ಅಡ್ಮಿಷನ್ ಮಾಡಿಸ್ದೆ. ಫಸ್ಟ್ ಇಯರ್ ಪಾಸಾಯ್ತು ಅಕ್ಕ, ಇತಿಹಾಸದಲ್ಲಿ 71 ಬಂತು. ಆದ್ರೆ ಆ ಖುಷೀನ ಯಾರ ಹತ್ರ ಹೇಳ್ಕೊಂಡ್ರೂ ಕೊನೆಗೆ ನಾನೇ ಸಪ್ಪಗಾಗಿ ವಾಪಸ್ ಬರ್ತೀನಿ. ಪಿಯುಸಿಯಿಂದ ಇರೋ ಆರು ಜನ ಗೆಳತಿಯರ ವಾಟ್ಸಾಪ್ ಗ್ರೂಪಿದೆ, ಅದರಲ್ಲಿ ಹಾಕಿದ್ರೆ ಒಬ್ಳು "ಈಗ ಡಿಗ್ರಿ ತಗೊಂಡು ಯಾವ ಆಫೀಸಿಗೆ ಹೋಗ್ತೀಯೇ" ಅಂತ ನಗೋ ಎಮೋಜಿ ಹಾಕಿದ್ಲು, ಇನ್ನೊಬ್ಳು "ಮೊದ್ಲು ಮಕ್ಕಳ ಓದು ನೋಡ್ಕೋ" ಅಂದ್ಲು, ಉಳಿದವರು ಮಾತೇ ಆಡ್ದೆ ಯಾರದ್ದೋ ಗೃಹಪ್ರವೇಶದ ಸೀರೆ ವಿಷ್ಯಕ್ಕೆ ಹೋದ್ರು. ಅತ್ತೆ ಏನೂ ಅನ್ನಲ್ಲ, ಸುಮ್ನಿರ್ತಾರೆ. ನಮ್ಮನೆಯವರು "ಓದು, ನಾನೇನ್ ಬೇಡ ಅಂದ್ನಾ" ಅಂತಾರೆ, ಆದ್ರೆ ಪರೀಕ್ಷೆ ಹಿಂದಿನ ದಿನ ಆರು ಜನ ನೆಂಟರನ್ನ ಊಟಕ್ಕೆ ಕರ್ಕೊಂಡು ಬಂದ್ರು. ಅವತ್ತು ರಾತ್ರಿ ಪಾತ್ರೆ ತೊಳೆದು ಮುಗಿಸೋ ಹೊತ್ತಿಗೆ ಹನ್ನೊಂದೂವರೆ, ಅಳು ಬಂತು. ದೊಡ್ಡವಳು ಮಾತ್ರ ಬೆಳಗ್ಗೆ "ಅಮ್ಮಾ ನಿನ್ ಹಾಲ್ ಟಿಕೆಟ್ ಬ್ಯಾಗಲ್ಲಿಟ್ಟಿದೀನಿ, ಎರಡು ಪೆನ್ನೂ ಇಟ್ಟಿದೀನಿ" ಅಂದ್ಲು. ಸಪೋರ್ಟ್ ಮಾಡೋ ಜನ ಇದ್ರೆ ಮಾತ್ರ ಮುಂದೆ ಬರ್ಬೋದು ಅಂತಾರೆ, ನನ್ನ ಸುತ್ತ ಅಂಥವರೇ ಇಲ್ಲ. ಇವರನ್ನೆಲ್ಲ ಬಿಟ್ಟುಬಿಡ್ಲಾ? ಹೊಸಬರನ್ನ ಎಲ್ಲಿಂದ ತರ್ಲಿ?
(ಹೆಸರು ಬೇಡ, ದಾವಣಗೆರೆ)

ಉತ್ತರ: 71 ಬಂತಾ! ಅದೂ ಇತಿಹಾಸದಲ್ಲಿ! ಯಾವ ಪಾಠ ಓದೋವಾಗ ಖುಷಿ ಆಯ್ತಮ್ಮ, ರಾತ್ರಿ ಎಲ್ಲರೂ ಮಲಗಿದ್ಮೇಲೆ ಅಡುಗೆಮನೆ ಲೈಟ್ ಹಾಕ್ಕೊಂಡು ಓದ್ತಿದ್ಯಾ, ಅಷ್ಟು ವರ್ಷ ಆದ್ಮೇಲೆ ಮೂರು ಗಂಟೆ ಕೂತು ಪೇಪರ್ ಬರೆದಾಗ ಬೆರಳು ನೋವು ಬಂತಾ? ಇಷ್ಟನ್ನ ನಿನ್ನ ಸುತ್ತ ಇರೋರಲ್ಲಿ ಒಬ್ರಾದ್ರೂ ಕೇಳಿದ್ದಿದ್ರೆ ನೀನು ಈ ಪತ್ರನೇ ಬರೀತಿರ್ಲಿಲ್ಲ ಅನ್ಸುತ್ತೆ. ನೀನು ಅಂತಾನೇ ಮಾತಾಡ್ತೀನಿ, ತಂಗಿ ವಯಸ್ಸಿನವಳು.

ಕಷ್ಟ ಬಂದಾಗ ಯಾರು ಆಗ್ತಾರೆ ನೋಡು ಅಂತ ಹಿರಿಯರು ಹೇಳ್ತಾರೆ, ಸರಿನೇ, ಆದ್ರೆ ಕಷ್ಟ ದಿನಾ ಬರಲ್ಲ, ಸಣ್ಣ ಸಣ್ಣ ಖುಷಿ ದಿನಾ ಬರುತ್ತೆ, ಅದನ್ನ ಹೇಳ್ದಾಗ ಎದುರಿಗಿರೋರ ಮುಖ ನೋಡಿದ್ರೆ ಸಾಕು ಬೇಕಾದಷ್ಟು ಗೊತ್ತಾಗುತ್ತೆ. ಅಮೆರಿಕದ ಮನಶ್ಶಾಸ್ತ್ರಜ್ಞೆ ಶೆಲ್ಲಿ ಗೇಬಲ್ ಮತ್ತೆ ಅವರ ಜೊತೆಯವರು 2004ರಲ್ಲಿ ಇದರ ಬಗ್ಗೆನೇ ಒಂದು ಅಧ್ಯಯನ ಪ್ರಕಟಿಸಿದ್ರು, ಒಳ್ಳೆ ಸುದ್ದಿ ಹೇಳ್ದಾಗ ಹತ್ತಿರದವರು ನಾಲ್ಕು ತರ ಉತ್ತರ ಕೊಡ್ತಾರೆ ಅಂತ. ನಿನ್ನ 71ನ್ನೇ ಇಟ್ಕೊಂಡು ನೋಡು. ಹೌದಾ ಹೆಂಗೆ ಓದಿದೆ ಹೇಳು ಅಂತ ಕೂತು ಕೇಳೋರು ಒಂದು ತರ. "ಒಳ್ಳೇದಾಯ್ತು" ಅಂದು ಫೋನ್ ನೋಡೋರು ಇನ್ನೊಂದು ತರ. "ಇದರಿಂದ ಏನಾಗುತ್ತೆ" ಅಂತ ಅದರಲ್ಲಿ ಹುಳುಕು ಹುಡುಕೋರು ಮೂರನೇ ತರ. ಕೇಳಿಸ್ಕೊಳ್ಳದೇ ಇರೋರ ಹಾಗೆ ಗೃಹಪ್ರವೇಶದ ಸೀರೆಗೆ ಹೋಗೋರು ನಾಲ್ಕನೇ ತರ. ಸಂಬಂಧ ಚೆನ್ನಾಗಿರೋ ಕಡೆ ಸಿಗೋದು ಮೊದಲನೇ ತರದ ಉತ್ತರ, ಉಳಿದ ಮೂರಕ್ಕೂ ಆ ಕಸುವಿಲ್ಲ, "ಒಳ್ಳೇದಾಯ್ತು" ಅನ್ನೋದಕ್ಕೂ ಇಲ್ಲ, ಇದು ಆ ಅಧ್ಯಯನದಲ್ಲಿ ನಂಗೆ ತುಂಬ ಮುಖ್ಯ ಅನ್ಸಿದ್ದು. ನೀನು ಸಪ್ಪಗಾಗ್ತಿರೋದು ನಿನ್ನ ಮನಸ್ಸು ಸೂಕ್ಷ್ಮ ಅನ್ನೋ ಕಾರಣಕ್ಕಲ್ಲ, ಯಾರಿಗಾದ್ರೂ ಹಾಗೇ ಆಗುತ್ತೆ.

ಇನ್ನು ನಿಮ್ಮನೆಯವರ ವಿಷ್ಯ. "ನಾನೇನ್ ಬೇಡ ಅಂದ್ನಾ" ಅನ್ನೋ ಮಾತು ನನಗೆ ಬರೋ ಎಷ್ಟೋ ಪತ್ರಗಳಲ್ಲಿ ಇರುತ್ತೆ. ಬೇಡ ಅನ್ನದೇ ಇರೋದು ಬೆಂಬಲ ಆಗಲ್ಲಮ್ಮ. ನಾನು ಹುಟ್ಟಿ ಬೆಳೆದಿದ್ದು ತೀರ್ಥಹಳ್ಳಿ ಕಡೆ, ನಮ್ಮಲ್ಲಿ ಮಳೆಗಾಲ ಬಂದು ನಟ್ಟಿ ಶುರುವಾಯ್ತು ಅಂದ್ರೆ ಮುಯ್ಯಾಳು ಅಂತ ಇರ್ತಿತ್ತು, ಇವತ್ತು ನಿಮ್ಮ ಗದ್ದೆಗೆ ನಮ್ಮನೆಯಿಂದ ಇಬ್ರು ಬಂದ್ರೆ ನಾಳಿದ್ದು ನಮ್ಮ ಗದ್ದೆಗೆ ನಿಮ್ಮನೆಯಿಂದ ಇಬ್ರು ಬರ್ಬೇಕು, ಕೂಲಿ ಮಾತೇ ಇಲ್ಲ. ಬಂದೋರು ಯಾರೂ "ನಿಮ್ಮ ಗದ್ದೆ ಚೆಂದ ಇದೆ, ನಿಮ್ಮಿಂದ ಆಗುತ್ತೆ" ಅಂತ ಹೊಗಳ್ತಾ ನಿಲ್ತಿರ್ಲಿಲ್ಲ, ಕಂಬಳಿ ಕೊಪ್ಪೆ ಹಾಕ್ಕೊಂಡು ಬಂದು ಕೆಸರಿಗೆ ಇಳೀತಿದ್ರು ಅಷ್ಟೆ. ಬರ್ತೀನಿ ಅಂದು ಬರದೇ ಇದ್ದೋರೂ ಇರ್ತಿದ್ರು. ನಮ್ಮಜ್ಜಿ ಅವರ ಜೊತೆ ಒಂದು ದಿನಾನೂ ಜಗಳ ಆಡಿದ್ದು ನಾ ನೋಡಿಲ್ಲ, ಮದ್ವೆಗೆ ಹೋಗ್ತಿದ್ರು, ಅವರು ಬಂದ್ರೆ ಎಲೆ ಅಡಿಕೆ ಕೊಡ್ತಿದ್ರು, ಆದ್ರೆ ಮುಂದಿನ ವರ್ಷ ಅವರನ್ನ ನಂಬ್ಕೊಂಡು ನಟ್ಟಿ ದಿನ ಗೊತ್ತು ಮಾಡ್ತಿರ್ಲಿಲ್ಲ.

ನೀನು "ಬಿಟ್ಟುಬಿಡ್ಲಾ" ಅಂತ ಕೇಳಿದ್ಯಲ್ಲ, ಅದಕ್ಕೆ ನನ್ನ ಉತ್ತರ ನಮ್ಮಜ್ಜಿ ಮಾಡ್ತಿದ್ದಿದ್ದೇ. ಗ್ರೂಪಿಂದ ಎಕ್ಸಿಟ್ ಆಗೋದು, ದೊಡ್ಡ ಮೆಸೇಜ್ ಬರೆದು ಎಲ್ಲರಿಗೂ ಬುದ್ಧಿ ಹೇಳೋದು, ಬ್ಲಾಕ್ ಮಾಡೋದು ಇದೆಲ್ಲ ಬೇಡ. ಆ ಆರು ಜನದ ಜೊತೆ ಸಂಜೆ ಮಂಡಕ್ಕಿ ಮಿರ್ಚಿ ತಿನ್ನೋಕೆ ಹೋಗೋದು ನಿಂಗೆ ಖುಷಿ ಕೊಡುತ್ತಾ, ಹೋಗು, ನಕ್ಕು ಬಾ. ಓದಿನ ವಿಷ್ಯ ಮಾತ್ರ ಅಲ್ಲಿ ತೆಗೀಬೇಡ. ನಾವು ಮಾಡೋ ತಪ್ಪು ಏನಂದ್ರೆ ಹಳೇ ಸ್ನೇಹ ಅಂದ ತಕ್ಷಣ ಎಲ್ಲಾನೂ ಅಲ್ಲೇ ಹೇಳ್ಬೇಕು, ಹೇಳದಿದ್ರೆ ಮೋಸ ಮಾಡಿದ ಹಾಗೆ ಅಂದ್ಕೊಳ್ಳೋದು. ಹಾಗೇನಿಲ್ಲ. ಇನ್ನೊಂದು ಕೆಲಸ ಮಾಡು, ಆ ಆರು ಜನರಲ್ಲಿ ಮಾತೇ ಆಡದೇ ಇದ್ದವರಲ್ಲಿ ಒಬ್ಬಳಿಗೆ ಗ್ರೂಪ್ ಬಿಟ್ಟು ಬೇರೆಯಾಗಿ ಫೋನ್ ಮಾಡಿ ಹೇಳಿ ನೋಡು, ಗುಂಪಿನಲ್ಲಿ ನಾಲ್ಕು ಜನ ನಗ್ತಿರೋವಾಗ ಬಾಯಿ ಬಿಡೋಕೆ ಧೈರ್ಯ ಸಾಲದೆ ಸುಮ್ಮನಿದ್ದವಳು ಒಬ್ಳೇ ಸಿಕ್ಕಾಗ "ನಾನೂ ಓದ್ಬೇಕು ಅಂತಿದ್ದೆ ಕಣೇ, ಫೀಸ್ ಎಷ್ಟು" ಅಂತ ಕೇಳೋದುಂಟು. ನಗೋ ಎಮೋಜಿ ಹಾಕಿದವಳ ಒಳಗೂ ಏನಿದೆಯೋ, ಅವಳೂ ಪಿಯುಸಿಗೇ ಓದು ನಿಲ್ಲಿಸಿದವಳಾಗಿದ್ರೆ ನೀನು ಮುಂದೆ ಹೋಗೋದು ನೋಡಿ ಅವಳಿಗೆ ಎಲ್ಲೋ ಚುಚ್ಚಿರ್ಬೋದು. ಅದು ಅವಳ ನೋವು, ಮರುಕ ಇರ್ಲಿ, ಆದ್ರೆ ಅದಕ್ಕೋಸ್ಕರ ನೀನು ಓದು ನಿಲ್ಲಿಸ್ಬೇಕಾಗಿಲ್ಲ.

ಯಜಮಾನರನ್ನ ಹಾಗೆ ಪಕ್ಕಕ್ಕಿಡೋಕೆ ಆಗಲ್ಲ, ದಿನಾ ಒಂದೇ ಮನೇಲಿ ಇರೋರು. ಅವರು ಕೆಟ್ಟೋರು ಅಂತ ನಿನ್ನ ಪತ್ರದಲ್ಲಿ ಎಲ್ಲೂ ಇಲ್ಲ, ನಾಳೆ ಪರೀಕ್ಷೆ ಅನ್ನೋದೇ ಅವರ ತಲೇಲಿ ಇರ್ಲಿಲ್ಲ ಅನ್ಸುತ್ತೆ, ಅದು ಸಣ್ಣ ತಪ್ಪು ಅಂತ ನಾನು ಹೇಳ್ತಿಲ್ಲ. "ನಂಗೆ ಸಪೋರ್ಟ್ ಮಾಡಿ" ಅಂತ ಕೇಳಿದ್ರೆ "ಮಾಡ್ತಿದೀನಲ್ಲ" ಅಂತಾರೆ, ಮಾತು ಅಲ್ಲಿಗೇ ಮುಗೀತು. ಗೋಡೆ ಮೇಲಿನ ಕ್ಯಾಲೆಂಡರ್‌ನಲ್ಲಿ ಪರೀಕ್ಷೆ ದಿನ, ಅದರ ಹಿಂದಿನ ಎರಡು ದಿನ ಕೆಂಪು ಪೆನ್ನಲ್ಲಿ ಸುತ್ತು ಹಾಕಿ, "ಈ ಮೂರು ದಿನ ಮನೆಗೆ ಯಾರೂ ಬೇಡ, ರಾತ್ರಿ ಊಟ ನೀವು ಹೊರಗಿಂದ ತರ್ಬೇಕು, ಭಾನುವಾರ ನಾಲ್ಕರಿಂದ ಆರು ಗಂಟೆ ಮಗನ ಹೋಮ್‌ವರ್ಕ್ ನಿಮ್ದು" ಅಂತ ಬಾಯಿಬಿಟ್ಟು ಹೇಳು. ಇಷ್ಟು ಬಿಡಿಸಿ ಹೇಳಿದ್ಮೇಲೆ ಏನು ಮಾಡ್ತಾರೆ ನೋಡು. ಒಂದು ಸಲ ಮರೀಬೋದು, ಎರಡನೇ ಸಲಾನೂ ಮರೀಬೋದು, ಹೊಸ ಅಭ್ಯಾಸ. ಮೂರನೇ ಸಲಾನೂ ಅದೇ ಆದ್ರೆ ಆಗ ಎದುರಿಗೆ ಕೂತು ಮಾತಾಡ್ಬೇಕು, ಅದಕ್ಕೆ ಬೇಕಾದ್ರೆ ನಂಗೆ ಮತ್ತೆ ಬರಿ.

ಅತ್ತೆ ಸುಮ್ಮನಿರ್ತಾರೆ ಅಂದ್ಯಲ್ಲ. ಸುಮ್ಮನಿರೋದೆಲ್ಲ ವಿರೋಧ ಅಲ್ಲಮ್ಮ, ಪರೀಕ್ಷೆ ದಿನ ಚಿಕ್ಕವನನ್ನ ನೋಡ್ಕೊಂಡಿದ್ದು ಯಾರು ಅಂತ ನೀನು ಬರ್ದಿಲ್ಲ, ಅದೊಂದು ಯೋಚನೆ ಮಾಡು.

ನನ್ನ ಮದುವೆಯಾದ ಹೊಸದರಲ್ಲಿ, ಇಪ್ಪತ್ತಾರು ವರ್ಷದ ಹಿಂದೆ, ನಮ್ಮನೆಯವರಿಗೆ ಆಕ್ಸಿಡೆಂಟ್ ಆಗಿ ಹದಿನೆಂಟು ದಿನ ಆಸ್ಪತ್ರೇಲಿದ್ರು. ನೆಂಟರು, ಆಫೀಸಿನವರು, ನನ್ನ ಹತ್ತಿರದ ಗೆಳತಿಯರು ಎಲ್ಲಾ ಬಂದ್ರು, ಎಲ್ಲರೂ "ಏನಾದ್ರೂ ಬೇಕಾದ್ರೆ ಹೇಳಿ" ಅಂದ್ರು, ನಾನು ತಲೆ ಆಡಿಸ್ದೆ. ಆ ಸ್ಥಿತೀಲಿ ಏನು ಬೇಕು ಅಂತ ಯಾರಿಗೆ ಹೇಳೋಕೆ ಬರುತ್ತೆ. ನಮ್ಮ ಬೀದಿ ಕೊನೇ ಮನೇಲಿ ಒಬ್ರು ಇದ್ರು, ಹೂವಿನವಳು ಬಂದಾಗ ಗೇಟ್ ಹತ್ರ ಎರಡು ಮಾತಾಡ್ತಿದ್ದಷ್ಟೇ ಪರಿಚಯ. ಅವರು ನಾಲ್ಕನೇ ದಿನ ಬಸ್ಸಲ್ಲಿ ಬಂದ್ರು, ಕೈಲಿ ಮೂರು ಡಬ್ಬಿ ಟಿಫಿನ್ ಕ್ಯಾರಿಯರ್. ಕೆಳಗಿನ ಡಬ್ಬೀಲಿ ಅನ್ನ, ಮಧ್ಯದಲ್ಲಿ ತಿಳಿಸಾರು, ಮೇಲಿನ ಡಬ್ಬಿ ತೆಗೆದ್ರೆ ಒಂದು ಬಾಚಣಿಗೆ, ಹೊಸ ಸೋಪು, ಸಣ್ಣ ಬಾಟ್ಲೀಲಿ ಕೊಬ್ಬರಿ ಎಣ್ಣೆ. "ನೀವು ತಲೆ ಬಾಚ್ಕೊಂಡು ಬನ್ನಿ, ನಾನು ಇವರ ಹತ್ರ ಕೂತಿರ್ತೀನಿ" ಅಂದ್ರು, ಬೇರೆ ಏನೂ ಹೇಳ್ಲಿಲ್ಲ. ನಾಲ್ಕು ದಿನದಿಂದ ನಾನು ತಲೆಗೆ ಬಾಚಣಿಗೆ ಮುಟ್ಟಿಸಿರ್ಲಿಲ್ಲ ಅನ್ನೋದು ಅವರು ಹೇಳೋವರೆಗೂ ನಂಗೇ ಗೊತ್ತಿರ್ಲಿಲ್ಲ. ಬಾತ್‌ರೂಮಿನ ಕನ್ನಡಿ ಮುಂದೆ ನಿಂತು ಸಿಕ್ಕು ಬಿಡಿಸ್ತಾ ಬಿಡಿಸ್ತಾ ಅತ್ತಿದ್ದು ಈಗ್ಲೂ ನೆನಪಿದೆ. ಇವತ್ತಿಗೂ ನನ್ನ ಬದುಕಿನ ಅತಿ ಹತ್ತಿರದ ನಾಲ್ಕೈದು ಜನರಲ್ಲಿ ಅವರೊಬ್ರು.

ಇದನ್ನ ಯಾಕೆ ಹೇಳಿದೆ ಅಂದ್ರೆ ನಿನ್ನ ಪತ್ರದಲ್ಲೂ ಆ ಬಾಚಣಿಗೆ ಇದೆ, ನೀನು ನೋಡದೇ ದಾಟಿಬಿಟ್ಟಿದೀಯ. ಎಂಟನೇ ಕ್ಲಾಸಿನ ಹುಡುಗಿ ಅಮ್ಮನ ಹಾಲ್ ಟಿಕೆಟ್ ಹುಡುಕಿ ಬ್ಯಾಗಲ್ಲಿಟ್ಟು, ಒಂದು ಪೆನ್ನು ಕೈಕೊಟ್ರೆ ಅಂತ ಎರಡು ಪೆನ್ನು ಇಟ್ಟಿದಾಳೆ. "ನನ್ನ ಸುತ್ತ ಅಂಥವರೇ ಇಲ್ಲ" ಅಂತ ಅದರ ಮುಂದಿನ ಸಾಲಲ್ಲೇ ಬರ್ದಿದೀಯ! ಅವಳಿಗೆ ಥ್ಯಾಂಕ್ಸ್ ಹೇಳಿದ್ಯಾ? ಇವತ್ತೇ ಹೇಳು. ಆದ್ರೆ ಒಂದು ಎಚ್ಚರಿಕೆ, ಅವಳು ಮಗಳು. ಅಪ್ಪನ ಮೇಲಿನ ಸಿಟ್ಟು, ಗೆಳತಿಯರ ಮೇಲಿನ ಬೇಜಾರು ಎಲ್ಲಾ ಅವಳ ಹತ್ರ ಸುರಿಯಬಾರದು, ಆ ಭಾರ ಹೊರೋ ವಯಸ್ಸಲ್ಲ. ಸಂಜೆ ಒಂದೇ ಟೇಬಲ್ಲಲ್ಲಿ ಅವಳ ಪುಸ್ತಕ ಅವಳು ನಿನ್ನ ಪುಸ್ತಕ ನೀನು ಇಟ್ಕೊಂಡು ಕೂರಿ, ಅಷ್ಟು ಸಾಕು, ನೀನು ಓದೋದು ನೋಡಿ ಅವಳಿಗೆ ಸಿಗೋದು ಯಾವ ಟ್ಯೂಷನ್‌ನಲ್ಲೂ ಸಿಗಲ್ಲ.

ಎಷ್ಟು ಜನ ಬೇಕು ಅಂತ ಗಾಬರಿ ಬೇಡ. ರಾಬಿನ್ ಡನ್‌ಬಾರ್ ಅಂತ ಬ್ರಿಟನ್ನಿನ ಮಾನವಶಾಸ್ತ್ರಜ್ಞರು, ಒಬ್ಬ ಮನುಷ್ಯ ಸರಿಯಾಗಿ ನಿಭಾಯಿಸಬಲ್ಲ ಸಂಬಂಧಗಳು ಸುಮಾರು 150, ಅದರೊಳಗೆ 50, ಅದರೊಳಗೆ 15, ತೀರಾ ಒಳಗಿನ ಸುತ್ತಲ್ಲಿ ಬರೀ 5 ಅಂತ ಲೆಕ್ಕ ಕೊಟ್ಟಿದಾರೆ. ಐದು ಅಂದ್ರೆ ಐದು ಬೆರಳು. ಆ ಐದರಲ್ಲೂ ಒಬ್ರೇ ಎಲ್ಲಾ ಆಗೋಕೆ ಸಾಧ್ಯ ಇಲ್ಲ, ಒಬ್ರು ಅಳೋಕೆ, ಒಬ್ರು ಸಾಲ ಕೇಳೋಕೆ, ಒಬ್ರು ಬೈಯೋಕೆ. ಹಾ, ಬೈಯೋರು ಬೇಕೇಬೇಕು. ನಾಳೆ ಯಾರಾದ್ರೂ "ಉತ್ತರ ತುಂಬ ಎಳೀತೀಯ, ಇಸವಿ ಹಾಕಿ ಪಾಯಿಂಟ್ ಮಾಡಿ ಬರಿ, 71 ಅಲ್ಲ 80 ಬರುತ್ತೆ" ಅಂದ್ರೆ ಅವರನ್ನ ನಿನ್ನ ವಿರೋಧಿ ಅಂದ್ಕೋಬೇಡ, ಅವರು ನಿನ್ನ ಉತ್ತರದ ತಪ್ಪು ಹೇಳ್ತಿದಾರೆ. "ಈ ವಯಸ್ಸಲ್ಲಿ ನಿಂಗ್ಯಾಕೆ" ಅನ್ನೋರು ನಿನ್ನನ್ನೇ ತಪ್ಪು ಅಂತಿದಾರೆ. ಕೇಳೋಕೆ ಎರಡೂ ಕಹಿನೇ, ಆದ್ರೆ ಮೊದಲನೇದು ಕೇಳಿಸ್ಕೊಂಡ ಮೇಲೆ ಕೂತು ಬರೀಬೇಕು ಅನ್ಸುತ್ತೆ, ಎರಡನೇದು ಕೇಳಿದ್ರೆ ಪುಸ್ತಕ ಮುಚ್ಚಿಡೋಣ ಅನ್ಸುತ್ತೆ. ಯಾರ ಜೊತೆ ಅರ್ಧ ಗಂಟೆ ಮಾತಾಡಿ ಮನೆಗೆ ಬಂದ್ಮೇಲೆ ಪುಸ್ತಕ ತೆಗೀತೀಯ, ಯಾರ ಜೊತೆ ಮಾತಾಡಿ ಬಂದ್ಮೇಲೆ ಮಲಗಿಬಿಡ್ತೀಯ, ಒಂದು ತಿಂಗಳು ಗಮನಿಸು, ನಾನು ಹೇಳೋದಕ್ಕಿಂತ ಸರಿಯಾದ ಲೆಕ್ಕ ನಿಂಗೇ ಸಿಗುತ್ತೆ.

ಹೊಸಬರು ಎಲ್ಲಿ ಅಂದ್ರೆ, ನಿನ್ನ ಓದಿನ ದಾರೀಲೇ ಇದಾರೆ. ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾಲಯ 1996ರಲ್ಲಿ ಮೈಸೂರಲ್ಲಿ ಶುರುವಾಗಿದ್ದೇ ನಿನ್ನಂಥವರಿಗೆ, ಮಧ್ಯದಲ್ಲಿ ಓದು ಬಿಟ್ಟೋರು, ಕೆಲಸ ಮಾಡ್ಕೊಂಡು ಓದೋರು. ದಾವಣಗೆರೇಲೇ ಅದರ ಪ್ರಾದೇಶಿಕ ಕೇಂದ್ರ ಇದೆ. ಸಂಪರ್ಕ ತರಗತಿಗೆ ಹೋದಾಗ ಪಾಠ ಮುಗಿದ ತಕ್ಷಣ ಬಸ್ ಹಿಡೀಬೇಡ, ಹತ್ತು ನಿಮಿಷ ನಿಲ್ಲು. ಪಕ್ಕದ ಬೆಂಚಲ್ಲಿ ಅಂಗನವಾಡಿ ಟೀಚರ್ ಇರ್ಬೋದು, ಪೊಲೀಸ್ ಕಾನ್‌ಸ್ಟೇಬಲ್ ಇರ್ಬೋದು, ನಿನಗಿಂತ ದೊಡ್ಡ ಮಕ್ಕಳಿರೋ ತಾಯಿ ಇರ್ಬೋದು. ನೀನೇ ಮೊದ್ಲು ಕೇಳು, ನಿಮ್ದು ಅಸೈನ್‌ಮೆಂಟ್ ಆಯ್ತಾ, ನನ್ನ ನೋಟ್ಸ್ ಬೇಕಾ ಅಂತ. ಮುಯ್ಯಾಳಿನ ಲೆಕ್ಕದಲ್ಲಿ ಮೊದಲು ಯಾರಾದ್ರೂ ಇನ್ನೊಬ್ಬರ ಗದ್ದೆಗೆ ಇಳೀಲೇಬೇಕಲ್ಲ. ಸೆಕೆಂಡ್ ಇಯರ್ ರಿಸಲ್ಟ್ ಬಂದಾಗ ನಂಗೆ ಬರೀಬೇಕು, ಮರೀಬೇಡ.

ಪ್ರಶ್ನೆ: ಮೇಡಂ ನಮಸ್ಕಾರ್ರೀ. ನಾ ಸಿಂಧನೂರ ಕಡಿಯಾಂವ, 24 ವರ್ಷ. ಬೆಂಗಳೂರಿಗಿ ಬಂದು ಏಳ ತಿಂಗಳಾತು, ಎಲೆಕ್ಟ್ರಾನಿಕ್ ಸಿಟಿ ಹತ್ರ ಪಿಜಿಯೊಳಗ ಅದೀನಿ. ರೂಮಿನ್ಯಾಗ ಮೂರ ಮಂದಿ. ಅವ್ರು ಕೆಟ್ಟವ್ರಂತಲ್ರೀ, ಆದ್ರ ಶನಿವಾರ ಬಂತಂದ್ರ ಕುಡಿಯೂದ, ಇಸ್ಪೀಟ, ನಾ ಒಲ್ಲೆ ಅಂದ್ರ "ಇನ್ನೂ ಹಾಲು ಕುಡಿಯೋ ಮಗುನಾ" ಅಂತ ನಗತಾರ. ನನ್ನ ಮಾತ ಕೇಳಿ ಹಂಗ ಆಕ್ಟಿಂಗ್ ಮಾಡಿ ತೋರಸ್ತಾರ. ಈಗ ನಾ ಮಾತಾಡೂದ ಕಮ್ಮಿ ಮಾಡೀನಿ. ಊರಾಗ ಜಾತ್ರಿ ನಾಟಕದಾಗ ಪಾರ್ಟ್ ಮಾಡತಿದ್ದೆ, ಅಲ್ಲಿ ದೋಸ್ತರಂದ್ರ ಜೀವಾ ಕೊಡವ್ರು. ಎರಡ ವಾರದಿಂದ ರಾತ್ರಿ ನಿದ್ದಿ ಬರವಲ್ದು. ಅವ್ವ ಫೋನ್ ಮಾಡಿದ್ರ ಎಲ್ಲಾ ಚೊಲೊ ಅದ ಅಂತೀನಿ. ಇಂಥಾ ದೊಡ್ಡ ಊರಾಗ ನಮ್ಮವ್ರು ಅನ್ನವ್ರನ್ನ ಹೆಂಗ ಹುಡಕಬೇಕ್ರೀ?
(ಹೆಸರು ಬ್ಯಾಡ್ರಿ, ಬೆಂಗಳೂರು)

ಉತ್ತರ: ತಮ್ಮಾ, ಮೊದಲು ನಿದ್ದೆ ವಿಷ್ಯ. ಎರಡು ವಾರ ಅಂದ್ರೆ ಕಡಿಮೆ ಅಲ್ಲ. 14416ಕ್ಕೆ ಫೋನ್ ಮಾಡು, ಟೆಲಿ ಮಾನಸ್ ಅಂತ, ಕೇಂದ್ರ ಸರ್ಕಾರ 2022ರ ಅಕ್ಟೋಬರ್ 10ರಂದು ಶುರುಮಾಡಿದ ಸಹಾಯವಾಣಿ, ದುಡ್ಡಿಲ್ಲ, ಹಗಲು ರಾತ್ರಿ ಯಾವಾಗ ಬೇಕಾದ್ರೂ ಮಾಡ್ಬೋದು, ಕನ್ನಡದಲ್ಲೇ ಮಾತಾಡ್ಬೋದು. ನಿನ್ನ ಸಿಂಧನೂರು ಕನ್ನಡದಲ್ಲೇ ಮಾತಾಡು. ಮಾತು ಕಮ್ಮಿ ಮಾಡೀನಿ ಅಂತ ಬರ್ದಿದ್ದು ಓದಿ ನಂಗೆ ತುಂಬ ಸಂಕಟ ಆಯ್ತು. ಒಬ್ಬ ಮನುಷ್ಯನ ಮಾತಿನ ದಾಟಿ ಅಂದ್ರೆ ಅವನ ಅವ್ವ ಅಪ್ಪ ಅವನ ಊರು ಎಲ್ಲಾ ಸೇರಿ, ಅದನ್ನ ದಿನಾ ಅಣಕಿಸೋರ ಮಧ್ಯೆ ಇದ್ದು ನಿದ್ದೆ ಬರದೇ ಇದ್ರೆ ಅದರಲ್ಲಿ ಆಶ್ಚರ್ಯ ಇಲ್ಲ. ಒಂದು ಸಲ ಮೂವರೂ ಎಚ್ಚರವಾಗಿ, ಯಾರೂ ಕುಡೀದೆ ಇರೋ ಹೊತ್ತಲ್ಲಿ, ನಗದೆ, ಸಿಟ್ಟಾಗದೆ, "ನನ್ನ ಮಾತಿನ ಆಕ್ಟಿಂಗ್ ಮಾಡ್ಬ್ಯಾಡ್ರಿ, ನಂಗ ಬ್ಯಾಸರ ಆಗತದ" ಅಂತ ಹೇಳಿಬಿಡು. ಇದನ್ನ ಕೇಳಿ ನಿಲ್ಲಿಸೋನು ಅವರಲ್ಲಿ ಒಬ್ಬ ಇದ್ರೆ ಅವನ ಜೊತೆ ಮುಂದೆ ಸ್ನೇಹ ಸಾಧ್ಯ. ಇಬ್ಬರೂ ನಿಲ್ಲಿಸದೇ ಇದ್ರೆ ಮುಂದಿನ ತಿಂಗಳ ಬಾಡಿಗೆ ಕಟ್ಟೋ ಮುಂಚೆ ರೂಮ್ ಬದಲಾಯಿಸು, ಅದು ಸೋಲು ಅಲ್ಲ.

ದೋಸ್ತರನ್ನ ಹುಡುಕೋ ವಿಷ್ಯಕ್ಕೆ ಬರ್ತೀನಿ. ಅಮೆರಿಕದ ಕ್ಯಾನ್ಸಸ್ ವಿಶ್ವವಿದ್ಯಾಲಯದ ಜೆಫ್ರಿ ಹಾಲ್ ಅನ್ನೋರು 2018ರಲ್ಲಿ ಒಂದು ಲೆಕ್ಕ ಹೇಳಿದ್ರು, ಬರೀ ಪರಿಚಯದವರು ಒಂದು ಮಟ್ಟಿಗೆ ಸ್ನೇಹಿತರು ಅನ್ನಿಸ್ಕೊಳ್ಳೋಕೆ ಸುಮಾರು 50 ಗಂಟೆ ಒಟ್ಟಿಗೆ ಕಳೀಬೇಕು, ಸ್ನೇಹಿತ ಅಂತ ಬಾಯ್ತುಂಬ ಹೇಳೋಕೆ 90, ತೀರಾ ಆಪ್ತ ಅನ್ನೋಕೆ 200ಕ್ಕಿಂತ ಜಾಸ್ತಿ. ಒಂದೇ ಕಡೆ ಒಟ್ಟಿಗೆ ದುಡಿದ ಗಂಟೆಗಳು ಇದರಲ್ಲಿ ಅಷ್ಟಾಗಿ ಲೆಕ್ಕಕ್ಕೆ ಬರಲ್ಲ. ನಿನ್ನ ರೂಮಿನವರ ಜೊತೆ ಸಾವಿರ ಗಂಟೆ ಕಳೆದಿದೀಯ, ಆದ್ರೂ ಆಗ್ಲಿಲ್ಲ, ಯಾಕಂದ್ರೆ ಒಂದೇ ಚಾವಣಿ ಕೆಳಗೆ ಇದ್ರೆ ಸಾಲದು, ಇಬ್ಬರಿಗೂ ಇಷ್ಟವಾದದ್ದು ಏನಾದ್ರೂ ಮಧ್ಯದಲ್ಲಿ ಇರ್ಬೇಕು.

ನಿನ್ನ ಹತ್ರ ಅದು ಇದೆಯಲ್ಲ ತಮ್ಮಾ, ನಾಟಕ! ಊರಲ್ಲಿ ದೋಸ್ತರು ಜೀವ ಕೊಡೋರು ಹೇಗಾದ್ರು ಅಂತ ನೆನಪು ಮಾಡ್ಕೋ. ರಾತ್ರಿ ಹನ್ನೊಂದರವರೆಗೆ ಪ್ರಾಕ್ಟೀಸು, ಒಬ್ಬ ಮಾತು ಮರೆತ್ರೆ ಇನ್ನೊಬ್ಬ ಎತ್ತಿಕೊಡೋದು, ಪೇಟಿ ಮಾಸ್ತರು ಬೈಯೋದು, ಆಮೇಲೆ ಎಲ್ಲಾ ಸೇರಿ ಮಂಡಕ್ಕಿ ಚಹಾ. ಬೆಂಗಳೂರಲ್ಲೂ ಅದು ಇದೆ. ಜೆ.ಸಿ. ರೋಡ್ ಹತ್ರ ರವೀಂದ್ರ ಕಲಾಕ್ಷೇತ್ರ ಅಂತ, 1963ರಿಂದ ಕನ್ನಡ ನಾಟಕದವರ ಮನೆ ಇದ್ದ ಹಾಗೆ, ಅದರ ಹಿಂದೇನೇ ಸಂಸ ಬಯಲು ರಂಗಮಂದಿರ. 2025ರ ಆಗಸ್ಟಿಂದ ನಿಮ್ಮ ಎಲೆಕ್ಟ್ರಾನಿಕ್ ಸಿಟಿಗೆ ಹಳದಿ ಮೆಟ್ರೋ ಬಂದಿದೆ, ಆರ್.ವಿ. ರೋಡಲ್ಲಿ ಇಳಿದು ಹಸಿರು ಲೈನ್ ಹತ್ತಿ ಕೆ.ಆರ್. ಮಾರ್ಕೆಟ್ಟಲ್ಲಿ ಇಳಿದ್ರೆ ಅಲ್ಲಿಂದ ಹತ್ರ. ಒಂದು ಶನಿವಾರ ಸಂಜೆ ಹೋಗಿ ನಾಟಕ ನೋಡು, ಮುಗಿದ್ಮೇಲೆ ತಂಡದವರನ್ನ ಹುಡುಕ್ಕೊಂಡು ಹೋಗಿ "ನಾ ಊರಾಗ ಪಾರ್ಟ್ ಮಾಡತಿದ್ದೆ, ನಿಮ್ಮ ಜೊತಿ ಏನರ ಕೆಲಸ ಇದ್ರ ಹೇಳ್ರಿ" ಅನ್ನು. ಮೊದಲು ಪಾತ್ರ ಸಿಗದೇ ಇರ್ಬೋದು, ಪರದೆ ಎಳಿ, ಪ್ರಾಪರ್ಟಿ ಹೊರು, ಲೈಟಿನವನಿಗೆ ಏಣಿ ಹಿಡಿ. ಸಂಜೆ ಎರಡು ಗಂಟೆ ಅಂತ ಒಂದು ತಿಂಗಳು ರಿಹರ್ಸಲ್‌ಗೆ ಹೋದ್ರೆ 60 ಗಂಟೆ, ಆ ಪ್ರೊಫೆಸರ್ ಹೇಳಿದ 50 ದಾಟೇಬಿಟ್ಟಿರುತ್ತೆ. ರಂಗದ ಮೇಲೆ ನಿನ್ನ ಸಿಂಧನೂರು ಮಾತಿಗೆ ಬೆಲೆ ಇದೆ, ಆ ದಾಟಿ ಬೇರೆಯವರು ಕಲಿಯೋಕೆ ಕಷ್ಟಪಡ್ತಾರೆ.

ನಾಟಕಕ್ಕೆ ಟೈಮ್ ಆಗಲ್ಲ ಅಂದ್ರೆ ಕಬ್ಬನ್ ಪಾರ್ಕಲ್ಲಿ ಶನಿವಾರ ಬೆಳಗ್ಗೆ ಪುಸ್ತಕ ತಗೊಂಡು ಬಂದು ಮರದ ಕೆಳಗೆ ಸುಮ್ಮನೆ ಓದೋ ಗುಂಪೊಂದಿದೆ, 2023ರ ಜನವರಿಯಲ್ಲಿ ಶುರುವಾಗಿದ್ದು, ಅಲ್ಲಿ ಯಾರೂ ನಿನ್ನನ್ನ ಮಾತಾಡು ಅಂತ ಒತ್ತಾಯ ಮಾಡಲ್ಲ. ಎಲ್ಲಿಗಾದ್ರೂ ಹೋಗು, ವಾರ ವಾರ ಅದೇ ಜಾಗಕ್ಕೆ ಹೋಗು, ಒಂದು ವಾರ ಇಲ್ಲಿ ಒಂದು ವಾರ ಅಲ್ಲಿ ಅಂತ ಅಲೆದ್ರೆ ಯಾವ ಮುಖಾನೂ ಪರಿಚಯ ಆಗಲ್ಲ.

ಅವ್ವಂಗೆ ಎಲ್ಲಾ ಚೊಲೊ ಅದ ಅನ್ನೋದು ನಿಲ್ಲಿಸು. ಎಲ್ಲಾನೂ ಹೇಳಿ ಅವರನ್ನ ಗಾಬರಿ ಮಾಡು ಅಂತಿಲ್ಲ, "ಅವ್ವಾ, ಇಲ್ಲಿ ದೋಸ್ತರು ಸಿಗವಲ್ರು, ಬ್ಯಾಸರ ಆಗೇತಿ" ಅಂತ ಒಂದು ನಿಜ ಹೇಳು. ನಿನ್ನ ಧ್ವನಿ ಕೇಳಿ ಅವರಿಗೆ ಆಗ್ಲೇ ಗೊತ್ತಾಗಿರುತ್ತೆ, ಮಗ ಬಾಯಿ ಬಿಡ್ಲಿ ಅಂತ ಕಾಯ್ತಿರ್ತಾರೆ.

ಪ್ರಶ್ನೆ: ನನಗೆ 67 ವರ್ಷ, ಸಾರಿಗೆ ಸಂಸ್ಥೆಯಲ್ಲಿ ಕಂಡಕ್ಟರ್ ಆಗಿದ್ದು ನಿವೃತ್ತಿ. ದಿನಾ ಬೆಳಿಗ್ಗೆ ಕುಕ್ಕರಹಳ್ಳಿ ಕೆರೆ ಸುತ್ತ ವಾಕಿಂಗ್ ಹೋಗ್ತೀನಿ, ಏಳೆಂಟು ಜನರ ಗುಂಪಿದೆ. ಮಾತೆಲ್ಲಾ ಶುಗರ್, ಬಿಪಿ, ಸೊಸೆಯಂದಿರ ದೂರು, ಯಾರು ಹೋದ್ರು ಅನ್ನೋದು. ಮನೆಗೆ ಬರೋ ಹೊತ್ತಿಗೆ ಮನಸ್ಸು ಭಾರ. ನನಗೊಬ್ಬ ಗೆಳೆಯ ಇದ್ದ, ಮೂವತ್ತು ವರ್ಷ ಒಂದೇ ರೂಟಿನಲ್ಲಿ ಅವನು ಡ್ರೈವರ್ ನಾನು ಕಂಡಕ್ಟರ್, ನನ್ನ ಬೀಡಿ ಬಿಡಿಸಿದವನೇ ಅವನು. ಒಂಬತ್ತು ವರ್ಷದ ಹಿಂದೆ ಮಗಳ ಮದುವೆಗೆ ನನ್ನನ್ನ ಮನೆಗೆ ಬಂದು ಕರೀಲಿಲ್ಲ, ಪೋಸ್ಟಲ್ಲಿ ಪತ್ರಿಕೆ ಕಳಿಸಿದ. ನಾನು ಹೋಗ್ಲಿಲ್ಲ, ಮಾತು ನಿಂತೋಯ್ತು. ಈ ವಯಸ್ಸಲ್ಲಿ ಮತ್ತೆ ಮಾತಾಡಿಸೋದು ಸರಿನಾ ಮೇಡಂ?
(ಓದುಗರು, ಮೈಸೂರು)

ಉತ್ತರ: ಸರ್, ವಾಕಿಂಗ್ ಗುಂಪಿನವರ ಮೇಲೆ ಬೇಜಾರು ಮಾಡ್ಕೋಬೇಡಿ, ಅವರಿಗೂ ಹೇಳ್ಕೊಳ್ಳೋಕೆ ಬೇರೆ ಜಾಗ ಇಲ್ಲ. ಒಂದು ಸುತ್ತು ಅವರ ಜೊತೆ ಹಾಕಿ, ಎರಡನೇ ಸುತ್ತು ಒಬ್ರೇ ಹಕ್ಕಿ ನೋಡ್ತಾ ಹಾಕಿ, ಆ ಕೆರೇಲಿ ಹಕ್ಕಿಗೇನು ಬರವಿಲ್ಲ.

ಅಮೆರಿಕದ ಹಾರ್ವರ್ಡ್‌ನಲ್ಲಿ 1938ರಿಂದ ಒಂದು ಅಧ್ಯಯನ ನಡೀತಿದೆ, 724 ಗಂಡಸರನ್ನ ಹರೆಯದಿಂದ ಮುಪ್ಪಿನವರೆಗೂ ನೋಡ್ತಾ ಬಂದ್ರು, ಕೆಲವರು ದೊಡ್ಡ ಕಾಲೇಜಲ್ಲಿ ಓದಿದವರು, ಕೆಲವರು ಬಾಸ್ಟನ್ನಿನ ಬಡ ಕೇರಿಗಳ ಹುಡುಗರು. 50ನೇ ವಯಸ್ಸಲ್ಲಿ ಯಾರಿಗೆ ತಮ್ಮ ಸಂಬಂಧಗಳ ಬಗ್ಗೆ ತೃಪ್ತಿ ಇತ್ತೋ ಅವರೇ 80ರಲ್ಲಿ ಹೆಚ್ಚು ಆರೋಗ್ಯವಾಗಿದ್ರು, ಕೊಲೆಸ್ಟ್ರಾಲ್ ಲೆಕ್ಕ ಅಷ್ಟು ಸರಿಯಾಗಿ ಹೇಳ್ಲಿಲ್ಲ ಅಂತ ಅದರ ಮುಖ್ಯಸ್ಥರು ರಾಬರ್ಟ್ ವಾಲ್ಡಿಂಗರ್ ಹೇಳ್ತಾರೆ. ನಿಮ್ಮ ವಾಕಿಂಗ್ ಗುಂಪಲ್ಲಿ ಇನ್ನು ಕೊಲೆಸ್ಟ್ರಾಲ್ ಮಾತು ಬಂದಾಗ ಇದನ್ನೂ ಹೇಳಿ.

ಮನೆಗೆ ಬಂದು ಕರೀದೇ ಇದ್ದಿದ್ದು ನಿಮಗೆ ನೋವಾಗಿದ್ದು ನಿಜ, ನಮ್ಮ ಕಡೆ ಅದು ಸಣ್ಣ ವಿಷ್ಯ ಅಲ್ಲ. ಹೆಣ್ಣು ಮಗಳ ಮದುವೆ ಓಡಾಟ, ದುಡ್ಡಿನ ಗಲಾಟೆ, ಅವರಿಗೂ ಏನು ತಾಪತ್ರಯ ಇತ್ತೋ, ಅದನ್ನ ನೀವೂ ಕೇಳ್ಲಿಲ್ಲ, ಅವರೂ ಹೇಳ್ಲಿಲ್ಲ. ಆದ್ರೆ ನಿಮ್ಮ ಬೀಡಿ ಬಿಡಿಸಿದವರು ಅವರು ಅಂತ ನೀವೇ ಬರ್ದಿದೀರಿ. ಬೇಜಾರಾದ್ರೂ ಪರವಾಗಿಲ್ಲ ಇವನು ಚೆನ್ನಾಗಿರ್ಲಿ ಅಂತ ಬಾಯಿಬಿಟ್ಟು ಹೇಳೋ ಗೆಳೆಯರು ಒಬ್ಬ ಮನುಷ್ಯನಿಗೆ ಎಷ್ಟು ಜನ ಸಿಗ್ತಾರೆ ಸರ್.

ಫೋನ್ ಮಾಡಿ. ಮದುವೆ ವಿಷ್ಯ ಮೊದಲೇ ತೆಗೀಬೇಡಿ, ಆ ರೂಟಿನ ಹಳೇ ಬಸ್ಸು, ಬೆಳಗಿನ ಮೊದಲ ಟ್ರಿಪ್ಪು, ಸ್ಟ್ಯಾಂಡಿನ ಕಾಫಿ, ಅಲ್ಲಿಂದ ಶುರುಮಾಡಿ. ಮಗಳು ಹೇಗಿದಾಳೆ, ಮೊಮ್ಮಕ್ಕಳು ಎಷ್ಟು ಅಂತ ಕೇಳಿ. ಭಾನುವಾರ ಬೆಳಗ್ಗೆ ತಿಂಡಿ ಆದ್ಮೇಲೆ ಒಳ್ಳೆ ಹೊತ್ತು. ಒಂದು ಸಲ ಎತ್ತದಿದ್ರೆ ಬೇರೇನೂ ಅಂದ್ಕೋಬೇಡಿ, ಈ ವಯಸ್ಸಲ್ಲಿ ಫೋನ್ ಎಲ್ಲಿಟ್ಟಿದೀವಿ ಅಂತ ಹುಡುಕೋದರೊಳಗೆ ರಿಂಗ್ ನಿಂತಿರುತ್ತೆ, ಸಂಜೆ ಮತ್ತೊಂದ್ಸಲ ಮಾಡಿ.